ಹಳೇ ಗಿರಾಕಿ, ಹೊಸ ಗಿರಾಕಿ

"ನಮ್ಮಲ್ಲಿ ನಿಮ್ಮ ಹಿಸ್ಟರಿ ಏನಾದರೂ ಇದೆಯೇ?"

ಸುಮಾರು ಮೂವತ್ತು ವರ್ಷಗಳಿಂದ ದಿನವೂ ಬೇರೆಯವರ ಹಿಸ್ಟರಿ ಕೇಳುತ್ತಾ ಬಂದವನು ನಾನು. ಎಷ್ಟು ದಿನದಿಂದ ಕೆಮ್ಮು, ಸಕ್ಕರೆ ಕಾಯಿಲೆ ಇದೆಯೇ, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೇ, ಹೀಗೆ. ಆದರೆ ನನ್ನ ಹಿಸ್ಟರಿಯನ್ನೇ ಒಬ್ಬರು ಕೇಳಿದ್ದು ಅದೇ ಮೊದಲು. ಕೇಳಿದವರು ಡಾಕ್ಟರೂ ಅಲ್ಲ, ಪೊಲೀಸರೂ ಅಲ್ಲ. ಲಂಡನ್ನಿನ ಒಂದು ದೊಡ್ಡ ಗಡಿಯಾರದ ಅಂಗಡಿಯಲ್ಲಿ ಕೆಲಸ ಮಾಡುವ, ಹೆಚ್ಚುಕಡಿಮೆ ನನ್ನ ಮಗಳ ವಯಸ್ಸಿನ ಒಬ್ಬ ಹುಡುಗಿ!

ಅದು 2022ನೆಯ ಇಸವಿ. ನಮ್ಮ ಮದುವೆಗೆ 25 ವರ್ಷ ತುಂಬುವುದರಲ್ಲಿತ್ತು. ನನ್ನ ಶ್ರೀಮತಿಗೆ ಒಂದು ಕೈಗಡಿಯಾರ ಕೊಡಿಸಬೇಕೆಂಬ ಆಸೆ ನನಗೆ. ಈ ಆಸೆಗೆ ಒಂದು ಹಿನ್ನೆಲೆಯಿದೆ. 1999ರಲ್ಲಿ ನಾವು ಈ ದೇಶಕ್ಕೆ ಬಂದಾಗ ನನ್ನ ಹತ್ತಿರ ಇದ್ದದ್ದು ಎಂಬಿಬಿಎಸ್, ಎಂಡಿ ಸರ್ಟಿಫಿಕೇಟುಗಳು ಮತ್ತು ಒಂದು ಸ್ವೆಟರು. ವಿಮಾನದ ಟಿಕೆಟ್ಟಿಗೂ ಪ್ಲ್ಯಾಬ್ ಪರೀಕ್ಷೆಯ ಫೀಸಿಗೂ ಅವಳ ಎರಡು ಜೊತೆ ಚಿನ್ನದ ಬಳೆಗಳು ಬೆಂಗಳೂರಿನಲ್ಲೇ ಹೋಗಿದ್ದವು. ನಾನು ಪರೀಕ್ಷೆಗೆ ಓದುತ್ತಿದ್ದಾಗ, ಎಂಎಸ್ಸಿ ಮಾಡಿದ್ದ ಅವಳು ಸೂಪರ್‌ಮಾರ್ಕೆಟ್ಟಿನ ಟಿಲ್ಲಿನಲ್ಲಿ ಕುಳಿತು ಮನೆ ನಡೆಸಿದಳು. ಆ ದಿನಗಳಲ್ಲಿ ಒಮ್ಮೆ ಲಂಡನ್ ನೋಡಲು ಹೋದಾಗ ಒಂದು ಅಂಗಡಿಯ ಗಾಜಿನ ಹಿಂದಿದ್ದ ಗಡಿಯಾರವನ್ನು ನೋಡುತ್ತಾ ನಿಂತಳು. "ಬಾ, ಬಸ್ಸು ಹೋಗುತ್ತೆ" ಎಂದೆ. "ಇರಿ, ಸುಮ್ನೆ ನೋಡ್ತಿದೀನಿ. ನೋಡೋದಕ್ಕೇನೂ ದುಡ್ಡಿಲ್ವಲ್ಲ" ಎಂದಳು. ಆ ಮಾತು ನನಗೆ ನೆನಪಿತ್ತು. ಅವಳಿಗೆ ನೆನಪಿತ್ತೋ ಇಲ್ಲವೋ ಗೊತ್ತಿಲ್ಲ.

ಇಪ್ಪತ್ತು ವರ್ಷಗಳ ಮೇಲೆ, ಜೇಬಿನಲ್ಲಿ ಕಾರ್ಡು ಇಟ್ಟುಕೊಂಡು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಅದೇ ಗಡಿಯಾರ ಕೇಳಲು ಹೋದೆವು. "ಆ ಮಾಡೆಲ್ ಸದ್ಯಕ್ಕೆ ಲಭ್ಯವಿಲ್ಲ" ಎಂದಳು ಆ ಹುಡುಗಿ. ಯಾವಾಗ ಬರುತ್ತದೆ? ಹೇಳಲು ಆಗುವುದಿಲ್ಲ. ಹೆಸರು ಬರೆಸಿ ಹೋಗಲೇ? ಆಗಲೇ ಬಂದದ್ದು ಹಿಸ್ಟರಿಯ ಪ್ರಶ್ನೆ. ಕಂಪ್ಯೂಟರಿನಲ್ಲಿ ನನ್ನ ಹೆಸರು ಹುಡುಕಿದಳು. ಇರಲಿಲ್ಲ. ಆಮೇಲೆ ಬಹಳ ನಯವಾಗಿ, ಮೊದಲು ಅಂಗಡಿಯ ಜೊತೆ ಒಂದು ಸಂಬಂಧ ಬೆಳೆಸಿಕೊಂಡರೆ ಒಳ್ಳೆಯದೆಂದು ಹೇಳಿ 1,800 ಪೌಂಡಿನ ಒಂದು ಜೊತೆ ಕಿವಿಯೋಲೆ ತೋರಿಸಿದಳು. ಅಷ್ಟರಲ್ಲಿ ನಮ್ಮ ಪಕ್ಕದಲ್ಲೇ ಒಬ್ಬ ಮಹನೀಯರನ್ನು ಹೆಸರು ಹಿಡಿದು ಸ್ವಾಗತಿಸಿ ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚುವ ಮೊದಲು ಟ್ರೇಯ ಮೇಲೆ ಏನಿತ್ತೆಂದು ನಾವಿಬ್ಬರೂ ನೋಡಿದೆವು. ಅದೇ ಗಡಿಯಾರ.

ಓದುಗರೇ, ನಿಜ ಹೇಳಿಬಿಡುತ್ತೇನೆ. ನಾನು ಆಗ ಕಾರ್ಡು ಹೊರಗೆ ತೆಗೆದೆ. ಕಿವಿಯೋಲೆ ನಮಗೆ ಬೇಕಿರಲಿಲ್ಲ. ಆದರೂ ತೆಗೆದೆ. ನಾವೂ ಏನೂ ಕಡಿಮೆಯಿಲ್ಲ ಎಂದು ತೋರಿಸುವ ಚಟ! ಶ್ರೀಮತಿ ಮೆಲ್ಲಗೆ ನನ್ನ ತೋಳು ಹಿಡಿದು ಕನ್ನಡದಲ್ಲಿ ಅಂದಳು, "ಹೆಣ್ಣು ನೋಡೋಕೆ ಬಂದವರು ನೋಡಿದ ಹಾಗೆ ನೋಡ್ತಿದಾರಲ್ರೀ ನಮ್ಮನ್ನ. ನಡೀರಿ, ಎಲ್ಲಾದ್ರೂ ಕಾಫಿ ಕುಡಿಯೋಣ."

ಮೂಗಿಗಿಂತ ಮೂಗುತಿ ಭಾರ

ಮನೆಗೆ ಬಂದು ಮಗಳಿಗೆ ಹೇಳಿದಾಗ ಅವಳು ನಕ್ಕಳು. "ಅಪ್ಪಾ, ಇದು ಎಲ್ಲರಿಗೂ ಗೊತ್ತಿರೋ ಆಟ. ನಿಮಗೆ ಬೇಕಾದ ಒಂದು ವಸ್ತು ಸಿಗಬೇಕಾದರೆ ಬೇಡದ ಹತ್ತು ವಸ್ತು ಕೊಂಡಿರಬೇಕು. ಅದಕ್ಕೆ ಪರ್ಚೇಸ್ ಹಿಸ್ಟರಿ ಅಂತಾರೆ." ನಮ್ಮ ಕಡೆ ಇದಕ್ಕೇ ಅಲ್ಲವೇ ಮೂಗಿಗಿಂತ ಮೂಗುತಿ ಭಾರ ಎನ್ನುವುದು?

ಡಾಕ್ಟರರ ಹುಚ್ಚು ನಿಮಗೆ ಗೊತ್ತೇ ಇದೆ. ಒಂದು ರೋಗಲಕ್ಷಣ ಕಂಡರೆ ಮೂಲ ಹುಡುಕುವ ತನಕ ನಿದ್ದೆಯಿಲ್ಲ. ಹಾಗೆ ಓದುತ್ತಾ ಹೋದಾಗ ಈ ವಿಷಯದಲ್ಲಿ ಅಮೆರಿಕದ ಕೋರ್ಟಿನಲ್ಲಿ ಒಂದು ಮೊಕದ್ದಮೆಯೇ ನಡೆದದ್ದು ತಿಳಿಯಿತು.

ಪ್ಯಾರಿಸ್ಸಿನ ಎರ್ಮೆಸ್ ಕಂಪನಿಯ ಹೆಸರು ನೀವು ಕೇಳಿರಬಹುದು. 1837ರಲ್ಲಿ ತಿಯೆರಿ ಎರ್ಮೆಸ್ ಎಂಬಾತ ಕುದುರೆಗಳ ಸರಂಜಾಮು ಹೊಲಿಯಲು ತೆರೆದ ಅಂಗಡಿ ಅದು. ಇಂದು ಅದರ ಅತಿ ಪ್ರಸಿದ್ಧ ವಸ್ತು ಬರ್ಕಿನ್ ಎಂಬ ಹೆಂಗಸರ ಕೈಚೀಲ. ಇಂಗ್ಲಿಷ್ ನಟಿ ಮತ್ತು ಗಾಯಕಿ ಜೇನ್ ಬರ್ಕಿನ್ ವಿಮಾನದಲ್ಲಿ ಕಂಪನಿಯ ಮುಖ್ಯಸ್ಥ ಜಾನ್ ಲೂಯಿ ದ್ಯುಮಾ ಅವರ ಪಕ್ಕ ಕುಳಿತಾಗ, ತಾಯಂದಿರಿಗೆ ಅನುಕೂಲವಾಗುವ ಒಳ್ಳೆಯ ಚೀಲವೇ ಸಿಗುವುದಿಲ್ಲವೆಂದು ದೂರಿದರಂತೆ. ಅದರ ಫಲವಾಗಿ 1984ರಲ್ಲಿ ಈ ಚೀಲ ಹುಟ್ಟಿತು. ಒಬ್ಬನೇ ಕುಶಲಕರ್ಮಿ ಮೊದಲಿನಿಂದ ಕೊನೆಯ ತನಕ ಕೈಯಲ್ಲಿ ಹೊಲಿಯುವ ಚೀಲವಾದ್ದರಿಂದ ಬೇಕೆಂದಷ್ಟು ತಯಾರಾಗುವುದಿಲ್ಲ. ಅಂಗಡಿಯ ಬೆಲೆಯೇ ಹತ್ತು ಸಾವಿರ ಡಾಲರಿಗೆ ಮೇಲೆ. ಕೈಬದಲಾದ ಮೇಲೆ ಹೊರಗಿನ ಮಾರುಕಟ್ಟೆಯಲ್ಲಿ ಅದಕ್ಕಿಂತಲೂ ಎಷ್ಟೋ ಹೆಚ್ಚು. ಜೇನ್ ಬರ್ಕಿನ್ ಸ್ವತಃ ಬಳಸಿದ್ದ ಮೊಟ್ಟಮೊದಲ ಚೀಲ 2025ರ ಜುಲೈನಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಸುಮಾರು 86 ಲಕ್ಷ ಯೂರೋಗಳಿಗೆ ಹೋಯಿತು. ತಾಯಂದಿರ ಅನುಕೂಲಕ್ಕೆಂದು ಹುಟ್ಟಿದ ಚೀಲ!

2024ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಗಿರಾಕಿಗಳು ಈ ಕಂಪನಿಯ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು. ಅವರ ಆರೋಪ ಇಷ್ಟು: ಈ ಚೀಲವನ್ನು ಅಂಗಡಿಗೆ ಹೋಗಿ ಕೇಳಿದರೆ ಕೊಡುವುದಿಲ್ಲ, ಸ್ಕಾರ್ಫು, ಬೆಲ್ಟು, ಪಾದರಕ್ಷೆ, ಒಡವೆ ಇತ್ಯಾದಿಗಳನ್ನು ಸಾಕಷ್ಟು ಕೊಂಡವರಿಗೆ ಮಾತ್ರ ತೋರಿಸುತ್ತಾರೆ, ಒಂದು ವಸ್ತುವಿಗೆ ಇನ್ನೊಂದನ್ನು ಗಂಟು ಹಾಕಿ ಮಾರುವುದು ಕಾನೂನಿಗೆ ವಿರುದ್ಧ. ಕಂಪನಿ ಈ ಆರೋಪವನ್ನು ಒಪ್ಪಲಿಲ್ಲ. ಕಡೆಗೆ 2025ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ಹೆಚ್ಚು ಖರ್ಚು ಮಾಡುವವರಿಗೇ ಚೀಲ ಎತ್ತಿಡುತ್ತಾರೆ ಎಂದೇ ಇಟ್ಟುಕೊಂಡರೂ, ಅಷ್ಟರಿಂದಲೇ ಅದು ಪೈಪೋಟಿಯನ್ನು ಹತ್ತಿಕ್ಕಿದಂತೆ ಆಗುವುದಿಲ್ಲ ಎಂಬುದು ತೀರ್ಪಿನ ತಿರುಳು. ತನ್ನ ವಸ್ತುವನ್ನು ಎಷ್ಟು ಮಾಡಬೇಕು, ಎಷ್ಟಕ್ಕೆ ಮಾರಬೇಕು ಎನ್ನುವುದು ಮಾಡುವವನ ಇಷ್ಟ.

ಕಾನೂನಿನ ಮಾತು ಸರಿಯೇ. ಆದರೆ ಕಾನೂನಿಗೆ ತಪ್ಪಲ್ಲದ್ದೆಲ್ಲ ನ್ಯಾಯವೇ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಅಂಗಡಿಯವನ ಕಡೆಯ ಮಾತು

ಹಾಗೆಂದು ಒಂದೇ ಪಕ್ಷದ ಮಾತು ಕೇಳಿ ತೀರ್ಮಾನ ಮಾಡಬಾರದು. ಅಂಗಡಿಯವನ ಕಷ್ಟವನ್ನೂ ನೋಡೋಣ.

ಅವನ ಹತ್ತಿರ ಒಂದು ಚೀಲವಿದೆ, ಕೇಳುವವರು ನೂರು ಜನ. ಯಾರಿಗೆ ಕೊಡಬೇಕು? ದಾರಿಗಳು ನಾಲ್ಕೇ. ಹರಾಜು ಹಾಕಿ ಹೆಚ್ಚು ಕೊಟ್ಟವನಿಗೆ ಕೊಡಬಹುದು. ಸರದಿಯಲ್ಲಿ ಮೊದಲು ಬಂದವನಿಗೆ ಕೊಡಬಹುದು. ಚೀಟಿ ಎತ್ತಬಹುದು. ಇಲ್ಲವೇ ತನಗೆ ಗೊತ್ತಿರುವವನಿಗೆ, ಹಳೇ ಗಿರಾಕಿಗೆ ಕೊಡಬಹುದು. ಹರಾಜು ಹಾಕಿದರೆ ದುರಾಸೆಯವನೆಂಬ ಹೆಸರು. ಸರದಿ ಇಟ್ಟರೆ ಕೂಲಿಗೆ ಜನ ನಿಲ್ಲಿಸಿ, ಕೊಂಡ ಮರುದಿನವೇ ಎರಡರಷ್ಟಕ್ಕೆ ಮಾರುವವರ ಕಾಟ. 2021 ಮತ್ತು 2022ರ ಆರಂಭದಲ್ಲಿ ಹೆಸರುವಾಸಿ ಸ್ವಿಸ್ ಗಡಿಯಾರಗಳಿಗೆ ಆದದ್ದು ಇದೇ. ಅಂಗಡಿಯ ಬೆಲೆಗಿಂತ ಹೊರಗಿನ ಬೆಲೆ ಎಷ್ಟೋ ಮೇಲೇರಿ, ಗಡಿಯಾರ ಕಟ್ಟಿಕೊಳ್ಳುವವರಿಗಿಂತ ಅದರಲ್ಲಿ ಲಾಭ ಮಾಡುವವರೇ ಮುಂದೆ ನಿಂತರು. ಅಂಥ ಹೊತ್ತಿನಲ್ಲಿ ಪರಿಚಯದ ಗಿರಾಕಿಯೇ ವಾಸಿ ಎಂದು ಅಂಗಡಿಯವನಿಗೆ ಅನ್ನಿಸಿದರೆ ಆಶ್ಚರ್ಯವೇನು? ನಾನು ಒಳಗೆ ಕಾಲಿಟ್ಟದ್ದೂ ಅದೇ ಗದ್ದಲದ ನಡುವೆ.

ಇಟಲಿಯ ಫೆರಾರಿ ಕಂಪನಿ ಇದನ್ನು ಮುಚ್ಚುಮರೆಯಿಲ್ಲದೆ ಮಾಡುತ್ತದೆ. ಮಾರುಕಟ್ಟೆ ಕೇಳುವುದಕ್ಕಿಂತ ಒಂದು ಕಾರು ಕಡಿಮೆ ಮಾಡಬೇಕೆಂಬುದು ಸ್ಥಾಪಕ ಎನ್ಜೋ ಫೆರಾರಿಯವರ ನೀತಿಯೆಂದು ಹೇಳುತ್ತಾರೆ. 2002ರಲ್ಲಿ ಅವರ ಹೆಸರಿನಲ್ಲೇ ಬಂದ ಕಾರುಗಳನ್ನು ಹಳೆಯ ಗಿರಾಕಿಗಳಿಗೆ ಆಹ್ವಾನ ಕಳಿಸಿ ಮಾರಿದರು. ಒಟ್ಟು 399. ಆಮೇಲೆ ಇನ್ನೊಂದು ಮಾಡಿ ಪೋಪ್ ಎರಡನೆಯ ಜಾನ್ ಪಾಲ್ ಅವರಿಗೆ ಕೊಟ್ಟರು. ಅದು 2005ರಲ್ಲಿ ಹರಾಜಾಗಿ ಹಣ ಸುನಾಮಿ ಸಂತ್ರಸ್ತರಿಗೆ ಹೋಯಿತು. ಇಲ್ಲಿ ಹೊಸಬನಿಗೆ ಅವಕಾಶವಿಲ್ಲ ನಿಜ. ಆದರೆ ಅವಕಾಶವಿಲ್ಲವೆಂದು ಬಾಗಿಲಲ್ಲೇ ಗೊತ್ತಾಗುತ್ತದೆ. ಎರ್ಮೆಸ್ಸೇ ಪ್ಯಾರಿಸ್ಸಿನಲ್ಲಿ ಬೇರೆ ದಾರಿ ಹಿಡಿದಿದೆ. ಅಲ್ಲಿ ಚರ್ಮದ ಚೀಲ ನೋಡಲು ಆನ್‌ಲೈನಿನಲ್ಲಿ ಅಪಾಯಿಂಟ್‌ಮೆಂಟ್ ಕೇಳಬೇಕು. ಕೇಳಿದವರಲ್ಲಿ ಕೆಲವರಿಗೆ, ಚೀಟಿ ಎತ್ತಿದ ಹಾಗೆ, ಸಿಗುತ್ತದೆ.

ನನಗೆ ನೋವಾದದ್ದು ಗಡಿಯಾರ ಸಿಗದಿದ್ದುದಕ್ಕಲ್ಲ. "ಇದು ಹಳೇ ಗಿರಾಕಿಗಳಿಗೆ ಮಾತ್ರ" ಎಂದು ಹೇಳಿದ್ದರೆ ನಮಸ್ಕಾರ ಹೇಳಿ ಬರುತ್ತಿದ್ದೆ. "ಲಭ್ಯವಿಲ್ಲ" ಎಂದರು. ಲಭ್ಯವಿತ್ತು. ಎಷ್ಟು ಖರ್ಚು ಮಾಡಿದರೆ ಲಭ್ಯವಾಗುತ್ತದೆ ಎನ್ನುವುದನ್ನೂ ಹೇಳಲಿಲ್ಲ. ನಿಯಮವಿಲ್ಲದ ಪರೀಕ್ಷೆಗೆ ಫೀಸು ಮಾತ್ರ ಕಟ್ಟಿಸಿಕೊಳ್ಳುವ ಏರ್ಪಾಡು ಅದು.

ನಿಷ್ಠೆಗೆ ದಂಡ

ತಮಾಷೆಯೆಂದರೆ, ಇದೇ ದೇಶದಲ್ಲಿ ದಿನಬಳಕೆಯ ವ್ಯವಹಾರದಲ್ಲಿ ಕಥೆ ತಿರುವುಮುರುವು. ಅಲ್ಲಿ ಹೊಸ ಗಿರಾಕಿಗೇ ರಾಜೋಪಚಾರ, ಹಳಬನಿಗೆ ದಂಡ!

ನಮ್ಮ ಕಾರಿನ ಇನ್ಶೂರೆನ್ಸನ್ನು ಹತ್ತು ವರ್ಷ ಒಂದೇ ಕಂಪನಿಯಲ್ಲಿ ಇಟ್ಟಿದ್ದೆ. ಒಂದು ಸಲವೂ ಕ್ಲೇಮ್ ಮಾಡಿರಲಿಲ್ಲ. ವರ್ಷ ವರ್ಷವೂ ಪ್ರೀಮಿಯಂ ಏರುತ್ತಲೇ ಹೋಯಿತು. ಒಂದು ದಿನ ಶ್ರೀಮತಿ ಅದೇ ಕಂಪನಿಗೆ ಹೊಸಬಳಂತೆ ಅದೇ ಕಾರಿನ ವಿವರ ಕೊಟ್ಟು ಕೇಳಿದರೆ, ನಾನು ಕೊಡುತ್ತಿದ್ದುದಕ್ಕಿಂತ ಮೂರನೆಯ ಒಂದು ಭಾಗ ಕಡಿಮೆ. ಕೊಟ್ಟೋನು ಕೋಡಂಗಿ ಎಂಬ ಗಾದೆ ನನಗಾಗಿಯೇ ಹುಟ್ಟಿತ್ತೇನೋ!

ಇದು ನನ್ನೊಬ್ಬನ ಪಾಡಲ್ಲ. 2018ರ ಸೆಪ್ಟೆಂಬರಿನಲ್ಲಿ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ ಮೊಬೈಲ್, ಬ್ರಾಡ್‌ಬ್ಯಾಂಡ್, ಮನೆ ಇನ್ಶೂರೆನ್ಸ್, ಮಾರ್ಟ್‌ಗೇಜ್, ಉಳಿತಾಯ ಖಾತೆ ಈ ಐದರಲ್ಲಿ ಹಳೇ ಗಿರಾಕಿಗಳಿಗೆ ಆಗುತ್ತಿರುವ ನಷ್ಟ ವರ್ಷಕ್ಕೆ 400 ಕೋಟಿ ಪೌಂಡಿಗೂ ಹೆಚ್ಚೆಂದು ಲೆಕ್ಕ ಹಾಕಿ ಸರ್ಕಾರಿ ನಿಯಂತ್ರಕರಿಗೆ ದೂರು ಕೊಟ್ಟಿತು. ಕಡೆಗೆ 2022ರ ಜನವರಿ 1ರಿಂದ, ಮನೆ ಮತ್ತು ವಾಹನದ ಇನ್ಶೂರೆನ್ಸ್ ನವೀಕರಿಸುವ ಹಳಬನಿಗೆ ಅದೇ ದಾರಿಯಲ್ಲಿ ಬರುವ ಹೊಸಬನಿಗಿಂತ ಹೆಚ್ಚು ದರ ಹಾಕಬಾರದೆಂಬ ನಿಯಮ ಬಂತು.

ಅಂದರೆ ನೋಡಿ, ಒಂದೇ ವರ್ಷದಲ್ಲಿ ನಾನು ಇನ್ಶೂರೆನ್ಸಿನಲ್ಲಿ ಹಳಬನಾಗಿದ್ದಕ್ಕೆ ಕಟ್ಟಿದ್ದ ದಂಡ ನಿಂತಿತು, ಗಡಿಯಾರದಂಗಡಿಯಲ್ಲಿ ಹೊಸಬನಾಗಿದ್ದಕ್ಕೆ ಮುಖಭಂಗವಾಯಿತು! ಹಳಬನಿಗೆ ಹೆಚ್ಚು ಹಾಕುವವರೂ ಹೊಸಬನನ್ನು ಕಾಯಿಸುವವರೂ ನೋಡುತ್ತಿದ್ದುದು ಒಂದನ್ನೇ, ಈ ಮನುಷ್ಯನಿಂದ ಇನ್ನೆಷ್ಟು ಹೊರಡಿಸಬಹುದು ಎಂಬುದನ್ನು. ಅದಕ್ಕೆ ನಿಷ್ಠೆ ಎಂಬ ಹೆಸರು ಸಲ್ಲುತ್ತದೆಯೇ?

ಶೆಟ್ಟರ ಅಂಗಡಿ

ನಿಷ್ಠೆ ಎಂದರೆ ನನಗೆ ನೆನಪಾಗುವುದು ಅರಸೀಕೆರೆಯಲ್ಲಿ ನಮ್ಮ ತಂದೆ ಬಟ್ಟೆ ಕೊಳ್ಳುತ್ತಿದ್ದ ಶೆಟ್ಟರ ಅಂಗಡಿ.

ತಂದೆಯವರು ಅನುದಾನಿತ ಶಾಲೆಯಲ್ಲಿ ಮೇಷ್ಟ್ರು. ಅನುದಾನ ಬಂದಾಗ ಸಂಬಳ, ಬಾರದಿದ್ದಾಗ ಇಲ್ಲ. ಒಂದು ವರ್ಷ ಯುಗಾದಿಗೆ ಮೂರು ತಿಂಗಳ ಸಂಬಳ ನಿಂತಿತ್ತು. ಹೊಸ ಬಟ್ಟೆಯ ಮಾತೇ ಮನೆಯಲ್ಲಿ ಯಾರೂ ಎತ್ತಲಿಲ್ಲ. ಹಬ್ಬಕ್ಕೆ ಎರಡು ದಿನವಿರುವಾಗ ಶೆಟ್ಟರು ದಾರಿಯಲ್ಲಿ ತಂದೆಯವರನ್ನು ನಿಲ್ಲಿಸಿ, "ಏನ್ ಮೇಷ್ಟ್ರೇ, ಈ ಸಲ ಅಂಗಡಿ ಕಡೆ ಬರ್ಲೇ ಇಲ್ಲ? ಮಕ್ಕಳಿಗೆ ಚಡ್ಡಿ ಬಟ್ಟೆ ಎತ್ತಿಟ್ಟಿದೀನಿ. ದುಡ್ಡಿನ ಮಾತು ಆಮೇಲೆ" ಎಂದರು. ಆ ಬಾಕಿ ತೀರಿದ್ದು ದಸರಾ ಹೊತ್ತಿಗೆ. ಅವರು ಒಂದು ದಿನವೂ ಕೇಳಲಿಲ್ಲ. ತಂದೆಯವರೂ ಬದುಕಿರುವ ತನಕ ಬೇರೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಎದುರಿನ ಅಂಗಡಿಯಲ್ಲಿ ಗಜಕ್ಕೆ ಎಂಟಾಣೆ ಕಡಿಮೆಯಿದ್ದರೂ.

ಅಲ್ಲಿಯೂ ಹಳೇ ಗಿರಾಕಿಗೆ ವಿಶೇಷವಿತ್ತು. ಆದರೆ ಕಷ್ಟ ಬಂದಾಗ ಅಂಗಡಿಯವನೂ ಅದರ ಭಾರ ಹೊತ್ತ. ಈಗಿನ ಶೋಕಿ ಅಂಗಡಿಯ ಗಿರಾಕಿ ಲಕ್ಷಗಟ್ಟಲೆ ಸುರಿದು, ಮರುವರ್ಷ ಕೆಲಸ ಕಳೆದುಕೊಂಡರೆ ಅವನಿಗೆ ಯಾರಾದರೂ ಫೋನು ಮಾಡುತ್ತಾರೆಯೇ?

ಬೆಂಚಿನ ಮೇಲೆ ಕುಳಿತವನು

ಇಷ್ಟು ಹೊತ್ತೂ ಅಂಗಡಿಯವರ ತಪ್ಪು ಎಣಿಸಿದ ನಾನು ನನ್ನ ತಪ್ಪನ್ನೂ ಹೇಳದಿದ್ದರೆ ಅದು ಪ್ರಾಮಾಣಿಕತೆಯಲ್ಲ.

ಎಂಡಿ ಮುಗಿಸಿ ಇಲ್ಲಿಗೆ ಬರುವ ಮೊದಲು ಒಂದು ಊರಿನಲ್ಲಿ ಹಿರಿಯ ವೈದ್ಯರ ನರ್ಸಿಂಗ್ ಹೋಮಿನಲ್ಲಿ ಸಂಜೆಯ ಹೊತ್ತು ಕೆಲಸ ಮಾಡುತ್ತಿದ್ದೆ. ಅಲ್ಲಿ ಚೀಟಿ ಜೋಡಿಸುವವನು ಕಾಂಪೌಂಡರ್. ಹಳೇ ಪೇಷೆಂಟುಗಳ ಚೀಟಿ ಮೇಲೆ, ಹೊಸಬರದು ಕೆಳಗೆ. ಇದು ಯಾರೂ ಬರೆದ ನಿಯಮವಲ್ಲ, ಎಲ್ಲರಿಗೂ ಗೊತ್ತಿದ್ದ ನಿಯಮ. ನನಗೂ ಗೊತ್ತಿತ್ತು. ಹಳಬರು ಬೇಗ ಹೋದರೆ ಖುಷಿಯಾಗುತ್ತಾರೆ, ಮತ್ತೆ ಬರುತ್ತಾರೆ ಎಂದು ನಾನೂ ಸುಮ್ಮನಿದ್ದೆ.

ಒಂದು ಸಂಜೆ ಹಳ್ಳಿಯಿಂದ ಬಂದ ಸುಮಾರು ನಲವತ್ತೈದು ವರ್ಷದ ರೈತರೊಬ್ಬರು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಮೊದಲ ಸಲ ಬಂದವರು. "ಗ್ಯಾಸು" ಎಂದು ಹೇಳಿದ್ದರಿಂದ ಕಾಂಪೌಂಡರ್ ಚೀಟಿಯನ್ನು ಅಡಿಗೆ ಇಟ್ಟಿದ್ದ. ನಾನು ಒಳಗೆ ಪರಿಚಯದ ವ್ಯಾಪಾರಿಯೊಬ್ಬರ ಬಿಪಿ ನೋಡಿ, ಅವರ ಮಗನ ಇಂಜಿನಿಯರಿಂಗ್ ಸೀಟಿನ ವಿಷಯ ಮಾತಾಡುತ್ತಾ ಕುಳಿತಿದ್ದೆ. ಆ ರೈತರು ಒಳಗೆ ಬರುವ ಹೊತ್ತಿಗೆ ಒಂದು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ಅಂಗಿ ಬೆವರಿನಿಂದ ಒದ್ದೆ. ಇಸಿಜಿ ತೆಗೆದರೆ ದೊಡ್ಡ ಹೃದಯಾಘಾತ.

ಸ್ಟ್ರೆಪ್ಟೋಕೈನೇಸ್ ಕೊಟ್ಟೆವು. ಬದುಕಿಕೊಂಡರು. ಆದರೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುವಂಥದ್ದು. ಆ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಸತ್ತ ಭಾಗವನ್ನು ಯಾವ ಔಷಧಿಯೂ ಮರಳಿ ಕೊಡುವುದಿಲ್ಲ. ನೇಗಿಲು ಹಿಡಿಯಬೇಡಿ, ಭಾರ ಎತ್ತಬೇಡಿ ಎಂದು ಹೇಳಿ ಕಳಿಸಿದೆ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಬೈಯಲಿಲ್ಲ. ಹೊರಡುವಾಗ ಕೈಮುಗಿದು, ನಿಜವಾಗಿಯೂ ತಿಳಿದುಕೊಳ್ಳುವುದಕ್ಕೆಂದೇ ಕೇಳಿದರು: "ಇನ್ ಮೇಲೆ ನಾನೂ ಹಳಬ ಅಲ್ವಾ ಸಾರ್? ಮುಂದಿನ ಸಲ ಬೇಗ ಬಿಡ್ತೀರಾ?"

ಆ ಮಾತಿಗೆ ನನ್ನ ಹತ್ತಿರ ಇಂದಿಗೂ ಉತ್ತರವಿಲ್ಲ. ಲಂಡನ್ನಿನ ಆ ಅಂಗಡಿಯಲ್ಲಿ ಕಾರ್ಡು ಹಿಡಿದು ನಿಂತಾಗ ನೆನಪಾದದ್ದು ಈ ಮಾತೇ. ಅವತ್ತು ಬೆಂಚಿನ ಮೇಲೆ ಅವರಿದ್ದರು. ಈಗ ನಾನು. ವ್ಯತ್ಯಾಸ ಬಹಳ ದೊಡ್ಡದು, ನನ್ನದು ಶೋಕಿ, ಅವರದು ಜೀವ. ಆದರೂ ಹಳಬನೆನಿಸಿಕೊಳ್ಳಲು ಹಣ ಕೊಡಲು ಸಿದ್ಧನಾದ ನಾನು, ಹಳಬನಾದದ್ದಕ್ಕೆ ಸಂತೋಷಪಟ್ಟ ಅವರು, ಇಬ್ಬರೂ ಒಂದೇ ನಿಯಮಕ್ಕೆ ತಲೆಬಾಗಿದ್ದೆವು.

ಇಲ್ಲಿನ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ಮ್ಯಾಂಚೆಸ್ಟರ್ ಟ್ರಯಾಜ್ ಎಂಬ ಪದ್ಧತಿಯಿದೆ. ಬಂದವರನ್ನು ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಎಂದು ಐದು ಬಣ್ಣಗಳಲ್ಲಿ ವಿಂಗಡಿಸುತ್ತಾರೆ. ಎದೆನೋವಿನವನು ಮೊದಲ ಸಲ ಬಂದಿದ್ದರೂ ಕಾಲು ಉಳುಕಿದ ಹಳಬನಿಗಿಂತ ಮುಂದೆ. ನಮ್ಮ ಎನ್‌ಎಚ್‌ಎಸ್ ಅನ್ನು ನಾವೆಲ್ಲ ದಿನಕ್ಕೆ ಮೂರು ಹೊತ್ತು ಬೈದುಕೊಳ್ಳುತ್ತೇವೆ. ಆದರೆ ಯಾರಿಗೆ ಅವಶ್ಯವೋ ಅವರಿಗೆ ಮೊದಲು ಎಂಬ ಈ ಒಂದು ಪಾಠಕ್ಕೆ ನಾನು ಅದಕ್ಕೆ ಋಣಿ.

ಬೋರ್ಡಿನ ಮೇಲಿನ ದರ

ಕೈಚೀಲಕ್ಕೆ ಕೆಂಪು ಬಣ್ಣದ ತುರ್ತು ಇರುವುದಿಲ್ಲ, ಒಪ್ಪಿದೆ. ಹಾಗಾದರೆ ಬೆಲೆಬಾಳುವ ವಸ್ತುಗಳನ್ನು ನ್ಯಾಯವಾಗಿ ಹಂಚುವ ದಾರಿಯೇ ಇಲ್ಲವೇ? ಇದೆ. ಅದನ್ನು ನೋಡಲು ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ.

ಮೈಸೂರು ರೇಷ್ಮೆ ಸೀರೆಯನ್ನೇ ತೆಗೆದುಕೊಳ್ಳಿ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆ ಇಂದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಅಪ್ಪಟ ರೇಷ್ಮೆ, ಚಿನ್ನ ಬೆಳ್ಳಿಯ ಜರಿ. ಬೆಲೆ ಇಪ್ಪತ್ತು ಸಾವಿರ ರೂಪಾಯಿ ದಾಟಿದೆ, ಆದರೂ ಬೇಡಿಕೆಗೆ ಸಾಲದು. 2026ರ ಆರಂಭದಲ್ಲಿ ಬೆಂಗಳೂರಿನ ಮಳಿಗೆಯ ಮುಂದೆ ಬೆಳಗಿನ ಜಾವ ನಾಲ್ಕು ಗಂಟೆಗೇ ಹೆಂಗಸರು ಸಾಲು ನಿಂತ ವಿಡಿಯೋವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಟೋಕನ್ ತೆಗೆದುಕೊಳ್ಳಬೇಕು, ಒಬ್ಬರಿಗೆ ಒಂದೇ ಸೀರೆ. ನಾಲ್ಕು ಗಂಟೆಗೆ ಏಳಲಾಗದ ಮುದುಕಿಗೆ, ರಜೆ ಸಿಗದ ಕೆಲಸದಾಕೆಗೆ ಈ ಪದ್ಧತಿಯೂ ಅನ್ಯಾಯವೇ. ಆದರೂ ಸಾಲಿನಲ್ಲಿ ನಿಂತ ಪ್ರತಿಯೊಬ್ಬಳಿಗೂ ತನ್ನ ಮುಂದೆ ಎಷ್ಟು ಜನರಿದ್ದಾರೆ ಎಂಬುದು ಕಣ್ಣಿಗೆ ಕಾಣುತ್ತದೆ. ಹಿಂದೆ ಎಷ್ಟು ಸೀರೆ ಕೊಂಡಿದ್ದೀರಿ ಎಂದು ಯಾರೂ ಕೇಳುವುದಿಲ್ಲ.

ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಅದೇ 2022ರಲ್ಲಿ ಸಿಕ್ಕಿತು. ಗಡಿಯಾರದ ಆಸೆ ಬಿಟ್ಟು ಬೆಂಗಳೂರಿಗೆ ಹೋದವರು, ನಮ್ಮ ಅತ್ತೆಯವರ ಕಾಲದಿಂದ ಗೊತ್ತಿದ್ದ ಒಡವೆ ಅಂಗಡಿಗೆ ಹೋದೆವು. ಶ್ರೀಮತಿಯ ಬಳೆಗಳನ್ನು 1999ರಲ್ಲಿ ಕೊಟ್ಟದ್ದು ಅದೇ ಅಂಗಡಿಗೆ. ಅಂಗಡಿಯ ಗೋಡೆಯ ಮೇಲೆ ಬೋರ್ಡಿನಲ್ಲಿ ಆ ದಿನದ ಚಿನ್ನದ ದರ ಬರೆದಿತ್ತು. ನಮ್ಮ ಪಕ್ಕದಲ್ಲಿ ಮದುವೆಗೆ ತಾಳಿ ಮಾಡಿಸಲು ಬಂದ, ಅಂಗಡಿಗೆ ಹೊಸದಾಗಿ ಕಾಲಿಟ್ಟ ಒಂದು ಕುಟುಂಬ ಕುಳಿತಿತ್ತು. ಅವರಿಗೂ ಅದೇ ದರ, ನಮಗೂ ಅದೇ ದರ. ಎರಡು ಜೊತೆ ಬಳೆ ಆರಿಸಿ ಬಿಲ್ ಮಾಡುವಾಗ ಯಜಮಾನರು ಶ್ರೀಮತಿಯ ಮುಖ ನೋಡಿ, "ನಿಮ್ಮ ತಾಯಿಯವರು ಹೇಗಿದ್ದಾರಮ್ಮಾ? ಮಜೂರಿಯಲ್ಲಿ ಸ್ವಲ್ಪ ಬಿಡ್ತೀನಿ" ಎಂದರು.

ನನ್ನ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು. ಚಿನ್ನದ ದರ ಎಲ್ಲರಿಗೂ ಒಂದೇ, ಅದೂ ಗೋಡೆಯ ಮೇಲೆ ಎಲ್ಲರ ಕಣ್ಣಿಗೆ ಕಾಣುವಂತೆ. ಹಳೇ ಗಿರಾಕಿಯ ಮೇಲಿನ ವಿಶ್ವಾಸಕ್ಕೆ ಮಜೂರಿಯಲ್ಲಿ ಜಾಗ. ತನ್ನ ಲಾಭದಲ್ಲಿ ಬಿಟ್ಟುಕೊಟ್ಟರೇ ಹೊರತು ಹೊಸಬರ ಪಾಲಿನಿಂದ ಕಿತ್ತು ನಮಗೆ ಕೊಡಲಿಲ್ಲ. ಶೆಟ್ಟರು ಮಾಡಿದ್ದೂ ಅದನ್ನೇ ಅಲ್ಲವೇ?

ನಮ್ಮ ಸಂಘದ ಮೊದಲ ಸಾಲು

ಈ ಮಾತನ್ನು ಸಂಘದ ಸಂಚಿಕೆಯಲ್ಲಿ ಏಕೆ ಬರೆಯುತ್ತಿದ್ದೇನೆ ಎಂದು ಕೇಳಬಹುದು. ಕಾರಣವಿದೆ.

ನಾವು 1999ರಲ್ಲಿ ಮೊದಲ ಬಾರಿ ಇಲ್ಲಿನ ಸಂಘದ ಹಬ್ಬಕ್ಕೆ ಬಂದಾಗ ಬಾಗಿಲಲ್ಲಿ ಯಾರೂ ಹಿಸ್ಟರಿ ಕೇಳಲಿಲ್ಲ. ಹಿರಿಯರೊಬ್ಬರು "ಊಟ ಆಯ್ತಾ?" ಎಂದು ಕೇಳಿ, ಶ್ರೀಮತಿಯ ತಟ್ಟೆಗೆ ತಾವೇ ಒಬ್ಬಟ್ಟು ಹಾಕಿದರು. ಇಂದು ನಾವೇ ಹಳಬರು. ಮೊದಲ ಎರಡು ಸಾಲು ಆಜೀವ ಸದಸ್ಯರಿಗೆ ಎಂದು ಕಾಗದ ಅಂಟಿಸಿರುತ್ತದೆ, ನಾನೂ ಅಲ್ಲೇ ಕುಳಿತಿರುತ್ತೇನೆ. ಕೆಲಸದ ಮೇಲೆ ಈಚೆಗೆ ಬಂದ ಚಿಕ್ಕ ವಯಸ್ಸಿನ ದಂಪತಿಗಳು ಮಗುವನ್ನು ಎತ್ತಿಕೊಂಡು ಹಿಂದೆ ಗೋಡೆಗೆ ಒರಗಿ ನಿಂತಿರುತ್ತಾರೆ. ಮಕ್ಕಳ ನೃತ್ಯಕ್ಕೆ ಹೆಸರು ಕೊಟ್ಟರೆ, ಪಟ್ಟಿ ತುಂಬಿದೆ ಎಂಬ ಉತ್ತರ. ಹಳಬರ ಮಕ್ಕಳಿಗೆ ಅದೇ ಪಟ್ಟಿಯಲ್ಲಿ ಹೇಗೋ ಜಾಗವಾಗುತ್ತದೆ. ಹೋದ ವರ್ಷ ಒಬ್ಬ ತಾಯಿ ನನ್ನನ್ನೇ ಕೇಳಿದಳು, "ಎಷ್ಟು ವರ್ಷ ಮೆಂಬರ್ ಆಗಿದ್ರೆ ಛಾನ್ಸ್ ಸಿಗುತ್ತೆ ಅಂಕಲ್?" ನನಗೆ ಬೆಂಚಿನ ಮೇಲಿನ ಆ ರೈತರ ಧ್ವನಿ ಕೇಳಿದಂತಾಯಿತು.

ಸಂಘ ಕಟ್ಟಿದ ಹಿರಿಯರಿಗೆ ಶಾಲು ಹೊದಿಸೋಣ, ಹಾರ ಹಾಕೋಣ, ಅವರ ಹೆಸರನ್ನು ವೇದಿಕೆಯ ಮೇಲೆ ಹೇಳೋಣ. ಮಂಡಿನೋವಿನವರಿಗೆ ಮುಂದಿನ ಕುರ್ಚಿಯನ್ನೂ ಕೊಡೋಣ. ಅದು ಮಜೂರಿಯ ಲೆಕ್ಕ. ಆದರೆ ಊಟದ ಎಲೆ, ಮಕ್ಕಳಿಗೆ ವೇದಿಕೆಯ ಮೇಲೆ ಮೂರು ನಿಮಿಷ, ಕೂರಲು ಒಂದು ಕುರ್ಚಿ, ಇವು ಬೋರ್ಡಿನ ಮೇಲಿನ ದರ. ಅದು ಹಳಬರಿಗೂ ಹೊಸಬರಿಗೂ ಒಂದೇ ಇರಲಿ. ಹೆಸರು ಹೆಚ್ಚಾದರೆ ಎಲ್ಲರ ಎದುರಿಗೆ ಚೀಟಿ ಎತ್ತಿದರಾಯಿತು.

ಈ ಸಲ ಯುಗಾದಿಯ ದಿನ ನಾನು ಬಾಗಿಲ ಹತ್ತಿರ ಇರುತ್ತೇನೆಂದು ಕಾರ್ಯದರ್ಶಿಗಳಿಗೆ ಹೇಳಿದ್ದೇನೆ. ಬೇವು ಬೆಲ್ಲದ ತಟ್ಟೆ ನನ್ನ ಕೈಯಲ್ಲಿ, ಕುಂಕುಮದ ಬಟ್ಟಲು ಶ್ರೀಮತಿಯ ಕೈಯಲ್ಲಿ. ಅವಳ ಕೈಯಲ್ಲಿ ಬಳೆಗಳಿರುತ್ತವೆ. ಗಡಿಯಾರವಿಲ್ಲದಿದ್ದರೂ ಕಾರ್ಯಕ್ರಮ ತಡವಾಗಿ ಶುರುವಾದದ್ದು ಅವಳಿಗೆ ಗೊತ್ತಾಗುತ್ತದೆ, ಚಿಂತೆಯಿಲ್ಲ! ಹೊಸದಾಗಿ ಬಂದವರು ದಯವಿಟ್ಟು ಹಿಂದೆ ನಿಲ್ಲಬೇಡಿ. ಮೊದಲ ಸಾಲಿನಲ್ಲಿ ನನ್ನ ಎರಡು ಕುರ್ಚಿ ಖಾಲಿಯಿವೆ.

ಎಲ್ಲರಿಗೂ ಯುಗಾದಿಯ ಶುಭಾಶಯಗಳು.